ಕ್ಯಾಸೆಟ್ಟಿನ ಇನ್ನೊಂದು ಮಗ್ಗಲು

ಮೊದಲ ದಿನ ಸಂಜೆ, ಬಂದ ಕರೆಗಳನ್ನು ಹಿಡಿದಿಡುವ ಆ ಫೋನ್ ಯಂತ್ರದ ಗುಂಡಿ ಒತ್ತಿದಾಗ ಒಳಗೆ ಹನ್ನೊಂದು ಕರೆಗಳಿದ್ದವು. ಎಂಟರಲ್ಲಿ ‘ಹಲೋ’ ಬಿಟ್ಟು ನನಗೆಂದು ಬೇರೆ ಮಾತೇ ಇರಲಿಲ್ಲ. “ಹಲೋ... ಹಲೋ... ಮಾತಾಡಿ ಸುಮ್ಮನಾಗಿಬಿಟ್ರು ನೋಡು,” ಎಂದು ಯಾರೋ ಪಕ್ಕದವರಿಗೆ ಹೇಳಿ ಫೋನು ಇಟ್ಟಿದ್ದರು. ಒಂಬತ್ತನೆಯದು ರಾಂಗ್ ನಂಬರು; ಗ್ಯಾಸ್ ಸಿಲಿಂಡರು ಯಾವಾಗ ಬರ್ತದ ಎಂದು ಕೇಳಿದ್ದರು. ಹತ್ತನೆಯವಳು ಒಬ್ಬ ಹೆಣ್ಣುಮಗಳು. ಯಂತ್ರದೊಳಗಿನ ನನ್ನ ಧ್ವನಿಯ ಜೊತೆ ಆಕೆ ಮಾತಿಗೇ ಇಳಿದಿದ್ದಳು. “ನಮಸ್ಕಾರ್ರಿ ಅಕ್ಕಾರ. ಆರಾಮದೀರಿ?” ಎಂದು ಕೇಳಿ, ಉತ್ತರಕ್ಕೆ ಕಾದು, “ನಾವೂ ಆರಾಮ ಅದೇವ್ರಿ” ಎಂದು ತಾನೇ ಹೇಳಿ, ಮತ್ತೆ ಕಾದು, “ಅಕ್ಕಾರು ಕೆಲಸದಾಗ ಅದಾರ ಕಾಣತೈತಿ” ಎಂದು ಇಟ್ಟುಬಿಟ್ಟಿದ್ದಳು.

ಹನ್ನೊಂದನೆಯ ಕರೆಯೊಂದೇ ಕೆಲಸಕ್ಕೆ ಬರುವಂತಿತ್ತು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು ಮಾಡಿದ್ದು. ಹುಟ್ಟಿನಿಂದ ಕಣ್ಣು ಕಾಣದವರು. ಫೋನಿನಲ್ಲಿ ಮಾತಾಡುವುದೇ ಅವರ ವೃತ್ತಿಯಾದ್ದರಿಂದ ಬೀಪ್ ಶಬ್ದಕ್ಕೆ ಹೆದರಲಿಲ್ಲ. ಹೆಸರು, ಊರು, ಪತ್ರಿಕೆಯ ಯಾವ ಭಾಗ ಮೆಚ್ಚುಗೆಯಾಯಿತು ಎಲ್ಲವನ್ನೂ ಕ್ರಮವಾಗಿ ಹೇಳುತ್ತ ಬಂದು, “ಆದರೆ ಒಂದು ಮುಖ್ಯವಾದ ದೋಷ ಅಂದ್ರ—” ಎನ್ನುವಷ್ಟರಲ್ಲಿ ಒಂದು ನಿಮಿಷ ಮುಗಿದು ಯಂತ್ರ ಅವರನ್ನು ಕತ್ತರಿಸಿತ್ತು.

ನಾನು ಆಗ ಹುಬ್ಬಳ್ಳಿಯ ಒಂದು ಸಣ್ಣ ಟ್ರಸ್ಟಿನಲ್ಲಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಣ್ಣು ಕಾಣದವರಿಗಾಗಿ ತಿಂಗಳಿಗೊಂದು ಧ್ವನಿಪತ್ರಿಕೆ ತರುವುದು ನನ್ನ ಕೆಲಸ. ಪೇಪರಿನ ಸುದ್ದಿ, ಒಂದು ಕಥೆ, ಆರೋಗ್ಯದ ಮಾತು, ಅಡಿಗೆ, ಸರ್ಕಾರದ ಸವಲತ್ತುಗಳು, ಇವನ್ನೆಲ್ಲ ಅರವತ್ತು ನಿಮಿಷದ ಒಂದು ಕ್ಯಾಸೆಟ್ಟಿನ ಎರಡೂ ಮಗ್ಗಲು ಓದಿ ತುಂಬುತ್ತಿದ್ದೆ. ನಲವತ್ತು ಪ್ರತಿ ಮಾಡಿಸಿ ಕ್ಯಾನ್ವಾಸಿನ ಸಣ್ಣ ಚೀಲಗಳಲ್ಲಿ ಹಾಕಿ ಅಂಚೆಗೆ ಒಯ್ಯುತ್ತಿದ್ದೆ. ಅಂಧರ ಸಾಹಿತ್ಯವಾದ್ದರಿಂದ ಅಂಚೆಚೀಟಿ ಹಚ್ಚಬೇಕಿರಲಿಲ್ಲ. ಚೀಲದ ಮೇಲೆ ಒಂದು ಕಾರ್ಡು, ಒಂದು ಬದಿಗೆ ಅವರ ವಿಳಾಸ, ಇನ್ನೊಂದು ಬದಿಗೆ ನಮ್ಮದು. ಕೇಳಿದ ಮೇಲೆ ಕಾರ್ಡು ತಿರುವಿ ಹಾಕಿ ವಾಪಸು ಕಳಿಸುತ್ತಿದ್ದರು. ಅದೇ ಕ್ಯಾಸೆಟ್ಟಿಗೆ ಮುಂದಿನ ತಿಂಗಳದ್ದು.

ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ದಿನ ಕಾರ್ಯದರ್ಶಿಗಳು ನನ್ನನ್ನು ಕರೆದರು. ನಿವೃತ್ತ ಇಂಜಿನಿಯರರು, ಮಾತಿನಲ್ಲೂ ಅಳತೆಪಟ್ಟಿ ಹಿಡಿದೇ ನಡೆಯುವವರು.

“ನಾವು ಕಳಸ್ತೇವಿ. ಅದು ಹೋಗಿ ಮುಟ್ತದ, ವಾಪಸ್ ಬರ್ತದ. ನಡುವ ಏನಾಗ್ತದ? ಕೇಳ್ತಾರೋ, ಇಲ್ಲಾ ಕಿಟಕ್ಯಾಗ ಇಟ್ಟು ಹದಿನೈದು ದಿವಸಕ್ಕ ಹೊಳ್ಳಿ ಕಳಸ್ತಾರೋ?”

“ಪತ್ರ ಬರ್ತಾವ್ರಿ ಸರ್,” ಎಂದೆ.

“ಪತ್ರ ಬರೆಯೋರು ಯಾರು? ಓದಿ ನೋಡ್ರಿ ಒಮ್ಮೆ.”

ಓದಿ ನೋಡಿದೆ. ಅವರು ಹೇಳಿದ್ದು ಖರೇ ಇತ್ತು. ‘ಪತ್ರಿಕೆ ಚೆನ್ನಾಗಿದೆ, ಹೀಗೆಯೇ ಮುಂದುವರಿಸಿರಿ’ ಎಂದು ಎಲ್ಲವೂ ಒಂದೇ ಬಗೆ. ನಮ್ಮ ಕೇಳುಗರಿಗೆ ಬರೆಯಲು ಬಾರದು. ಬರೆದವರು ಅಣ್ಣಂದಿರು, ಸೊಸೆಯಂದಿರು, ಮೊಮ್ಮಕ್ಕಳು. ಒಬ್ಬ ಅಳಿಯನಂತೂ ಮಾವನ ಹೆಸರೂ ಹಾಕದೆ ತನ್ನ ಸಹಿಯನ್ನೇ ಮಾಡಿ, ತನಗೆ ಕ್ರಿಕೆಟ್ ಸುದ್ದಿ ಹೆಚ್ಚು ಬೇಕೆಂದು ಬರೆದಿದ್ದ.

ಮಳೆಗಾಲಕ್ಕೆ ಮುಂಚೆ ಟ್ರಸ್ಟಿಗಳ ಸಭೆ. ಅಷ್ಟರೊಳಗೆ ಕೇಳುಗರು ಇದ್ದಾರೆಂದು ಅವರದೇ ಬಾಯಿಂದ ತೋರಿಸಬೇಕು, ಇಲ್ಲವಾದರೆ ಪತ್ರಿಕೆ ನಿಲ್ಲಿಸಿ ಬೇರೆ ಕೆಲಸ ಹಿಡಿಯುವುದು ಎಂದು ತೀರ್ಮಾನ. ಅವರನ್ನೆಲ್ಲ ಕಚೇರಿಗೆ ಕರೆಯೋಣವೆಂದರೆ ಯಾರಾದರೂ ಕೈ ಹಿಡಿದು ಕರೆತರಬೇಕು. ಮನೆಮನೆಗೆ ಹೋಗೋಣವೆಂದರೆ ಊರುಗಳು ದೂರ. ಹಾಗಾಗಿ ಈ ಫೋನ್ ಯಂತ್ರ. ನಾನೇ ಹಟ ಮಾಡಿ ತರಿಸಿದ್ದು. ‘ದಯವಿಟ್ಟು ಬೀಪ್ ಶಬ್ದದ ನಂತರ ತಮ್ಮ ಅಮೂಲ್ಯ ಅಭಿಪ್ರಾಯವನ್ನು ದಾಖಲಿಸಿರಿ’ ಎಂದು ನನ್ನ ಅತ್ಯುತ್ತಮ ಧ್ವನಿಯಲ್ಲಿ ಹೇಳಿದ್ದೆ. ಎರಡು ವಾರ ನೋಡಿದೆ. ‘ಹಲೋ’ಗಳ ಸಂಖ್ಯೆ ಏರುತ್ತ ಹೋಯಿತು.

ಆಪರೇಟರ್ ಸಾಹೇಬರು ಹೇಳಲು ಹೊರಟಿದ್ದ ಮುಖ್ಯ ದೋಷ ಯಾವುದು ಎನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಬಸ್ಸು ಹಿಡಿದು ಬೇಲೂರಿಗೆ ಹೋದೆ. ಕಾರ್ಖಾನೆಯ ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಬೋರ್ಡಿನ ಮುಂದೆ ಕೂತಿದ್ದರು. ಕಿವಿಗೆ ಹೆಡ್‌ಫೋನು. ಬೆರಳುಗಳು ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದವು. ನಾನು ಹೆಸರು ಹೇಳುವ ಮೊದಲೇ, “ಬರ್ರಿ ಮೇಡಂ, ಕೂಡ್ರಿ. ನಿಮ್ಮ ದನಿ ನನಗ ಬಾಯಿಪಾಠ ಆಗೇದ,” ಎಂದರು.

ದೋಷ ಕೇಳಿದೆ.

“ನಿಮ್ಮ ಮಂದಿಗೆ ಮನ್ಯಾಗ ಫೋನ್ ಇಲ್ಲರಿ. ಎಸ್‌ಟಿಡಿ ಬೂತಿಗೆ ಹೋಗಬೇಕು. ಅಲ್ಲಿ ನೀವು ‘ಅಮೂಲ್ಯ ಅಭಿಪ್ರಾಯ’ ಅನ್ನೂದರೊಳಗ ಮೀಟರ್ ಓಡತಿರ್ತದ. ಹಿಂದ ನಾಕು ಮಂದಿ ನಿಂತು ‘ಲಗೂ ಮುಗಸ್ರಿ’ ಅಂತಿರ್ತಾರ. ಅಂಥಲ್ಲಿ ಯಾರು ತಮ್ಮ ಮನಸಿನ ಮಾತು ಹೇಳ್ತಾರ್ರಿ?” ಒಂದು ಕರೆ ಬಂತು, ಜೋಡಿಸಿಕೊಟ್ಟು ಮುಂದುವರಿಸಿದರು. “ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಕ್ಯಾಸೆಟ್ಟಿನ ಎರಡೂ ಮಗ್ಗಲಾ ನೀವೇ ಯಾಕ ಮಾತಾಡ್ತೀರಿ?”

ಸಿಟ್ಟು ಬಂತು. ಬಸ್ಸಿನಲ್ಲಿ ನವಲೂರು ದಾಟುವವರೆಗೂ ಇತ್ತು. ಒಂದು ಮಗ್ಗಲು ಖಾಲಿ ಬಿಡುವುದೆಂದರೆ ಅರ್ಧ ಪತ್ರಿಕೆ ಕಳೆದುಕೊಂಡಂತೆ. ಕಥೆ ಬಿಡಲೋ, ಆರೋಗ್ಯ ಬಿಡಲೋ? ಆದರೆ ಹುಬ್ಬಳ್ಳಿ ಬರುವಷ್ಟರಲ್ಲಿ ಬೇರೆ ದಾರಿ ಇಲ್ಲವೆಂದು ಗೊತ್ತಾಗಿತ್ತು. ಕ್ಯಾಸೆಟ್ಟು ಹೇಗೂ ಅವರ ಮನೆಗೆ ಹೋಗುತ್ತದೆ, ಹೇಗೂ ವಾಪಸು ಬರುತ್ತದೆ. ಮೀಟರು ಓಡುವುದಿಲ್ಲ. ಹಿಂದೆ ಯಾರೂ ನಿಂತಿರುವುದಿಲ್ಲ.

ನೇರವಾಗಿ ಚಾಚಾನ ಅಂಗಡಿಗೆ ಹೋದೆ. ದುರ್ಗದಬೈಲಿನ ಗಲ್ಲಿಯೊಂದರಲ್ಲಿ ಆತನ ರೆಕಾರ್ಡಿಂಗ್ ಅಂಗಡಿ. ನಮ್ಮ ನಲವತ್ತು ಪ್ರತಿ ಮಾಡಿಕೊಡುತ್ತಿದ್ದವನು ಆತನೇ. ಕ್ಯಾಸೆಟ್ಟಿನ ವಿಷಯದಲ್ಲಿ ಆತನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ನನ್ನ ಮಾತು ಕೇಳಿ ಒಂದು ಕ್ಯಾಸೆಟ್ಟು ಕೈಗೆತ್ತಿಕೊಂಡು ಬೆನ್ನಿನ ಅಂಚಿನಲ್ಲಿದ್ದ ಎರಡು ಸಣ್ಣ ಪ್ಲಾಸ್ಟಿಕ್ ಎಸಳುಗಳನ್ನು ತೋರಿಸಿದ.

“ಇದನ್ನ ಮುರದ್ರ ಈ ಮಗ್ಗಲಾ ರೆಕಾರ್ಡ್ ಆಗೂದಿಲ್ಲ ಬೇಟಿ. ನಿನ್ನ ಪತ್ರಿಕೆ ಇರೋ ಮಗ್ಗಲದ್ದು ಮುರಿ. ಅವರದ್ದು ಹಂಗ ಬಿಡು. ಇಲ್ಲಂದ್ರ ಎಡವಟ್ಟಾಗಿ ನಿನ್ನ ಮ್ಯಾಲೇ ಮಾತಾಡಿಬಿಡ್ತಾರ.”

ಯಾವುದು ಯಾವ ಮಗ್ಗಲು ಎಂದು ಬೆರಳಿಗೆ ಗೊತ್ತಾಗಬೇಕಲ್ಲ? ಪತ್ರಿಕೆಯ ಮಗ್ಗಲಿಗೆ ಬ್ರೈಲ್ ಚುಕ್ಕೆಯೊಂದನ್ನು ಒತ್ತಿದ ಕಾಗದ ಅಂಟಿಸಿದೆ. ಇನ್ನೊಂದು ನುಣುಪು. ಪತ್ರಿಕೆಯ ಕೊನೆಗೆ ಹೇಳಿದೆ: ಚುಕ್ಕೆಯಿರುವುದು ನನ್ನ ಮಗ್ಗಲು, ನುಣುಪಾದದ್ದು ನಿಮ್ಮದು. ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ಕೂಡಿಸಿ ಒತ್ತಿ, ಏನು ಬೇಕಾದರೂ ಮಾತಾಡಿ.

ಆ ತಿಂಗಳು ನಲವತ್ತು ಕ್ಯಾಸೆಟ್ಟಿನ ಎಸಳುಗಳನ್ನು ನಾನೇ ಕೂತು ಮುರಿದೆ. ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದಾಗಿ ಚಟ್ ಚಟ್ ಎಂದು. ಎಲ್ಲವನ್ನೂ ತಪ್ಪು ಬದಿಗೆ ಮುರಿದಿದ್ದೆ.

ಗೊತ್ತಾದದ್ದು ಮೊದಲ ಚೀಲಗಳು ವಾಪಸು ಬಂದಾಗ. ನುಣುಪು ಮಗ್ಗಲುಗಳೆಲ್ಲ ಖಾಲಿ. ಎರಡರಲ್ಲಿ ನನ್ನ ಪತ್ರಿಕೆಯೇ ಅಳಿಸಿಹೋಗಿ ಯಾರದೋ ಕೆಮ್ಮು, ಎಮ್ಮೆಯ ಕೂಗು. ಆಪರೇಟರ್ ಸಾಹೇಬರು ಫೋನ್ ಮಾಡಿ ಬಹಳ ಸೌಜನ್ಯದಿಂದ, “ಮೇಡಂ, ಕೆಂಪು ಗುಂಡಿ ಒತ್ತಿದ್ರ ಒಳಗ ಹೋಗವಲ್ದು. ನನ್ನ ಬೆರಳಿನ ತಪ್ಪೋ, ನಿಮ್ಮ ಬೆರಳಿನ ತಪ್ಪೋ?” ಎಂದು ಕೇಳಿದರು. ಚಾಚಾ ಒಂದು ಕ್ಯಾಸೆಟ್ಟು ನೋಡಿದ, ನನ್ನ ಮುಖ ನೋಡಿದ, ನಗುವುದಕ್ಕೆ ಅಂಗಡಿಯ ಒಳಗೆ ಹೋದ. ಹೊರಗೆ ಬಂದು ಮುರಿದ ಕಿಂಡಿಗಳಿಗೆಲ್ಲ ಸೆಲೋಟೇಪು ಅಂಟಿಸಲು ಕಲಿಸಿದ. ಕಿಂಡಿ ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಇಬ್ಬರೂ ಸೇರಿ ನಲವತ್ತನ್ನೂ ಸರಿಮಾಡಿದೆವು. ಒಂದು ತಿಂಗಳು ಹೋಗಿತ್ತು.

ಎರಡನೆಯ ತಿಂಗಳ ಚೀಲಗಳು ಬರತೊಡಗಿದವು. ಒಂದು, ಮೂರು, ಮತ್ತೆ ಐದು. ಟೇಪಿನಲ್ಲಿ ಹಾಕಿ ಕೂತೆ. ಕೂತವಳು ಏಳಲಿಲ್ಲ.

ಅಮ್ಮಿನಬಾವಿಯಿಂದ ಒಬ್ಬ ಹೆಣ್ಣುಮಗಳು ಮಾತಾಡಿದ್ದಳು. ಮೂವತ್ತೈದರ ಸುಮಾರಿನವಳು, ಮೂರು ವರ್ಷದವಳಿದ್ದಾಗ ಕಣ್ಣು ಹೋದದ್ದು. ಅವಳ ಟೇಪಿನಲ್ಲಿ ಕೆಂಪು ಗುಂಡಿ ಇಲ್ಲವೆಂದು ಪಕ್ಕದ ಮನೆಗೆ ಹೋಗಿ ರೆಕಾರ್ಡ್ ಮಾಡಿದ್ದಳು. “ಅಕ್ಕಾರ, ನಿಮ್ಮ ಅಡಿಗಿ ಹೇಳೂದು ನನಗ ಸೇರಂಗಿಲ್ರಿ. ‘ಕೆಂಪಗಾಗುವವರೆಗೆ ಹುರಿಯಿರಿ’ ಅಂತೀರಿ. ನಾ ಕೆಂಪು ಎಲ್ಲಿಂದ ನೋಡ್ಲಿ? ವಾಸನಿ ಹೇಳ್ರಿ. ಸಪ್ಪಳ ಹೇಳ್ರಿ.” ಹಿಂದಿನಿಂದ ಪಕ್ಕದ ಮನೆಯಾಕೆ, “ಏ, ಹಂಗ ಅಂದ್ರ ಅವ್ರು ಬ್ಯಾಸರಾ ಮಾಡ್ಕೊಂತಾರ,” ಎಂದಳು. “ಮಾಡ್ಕೊಳ್ಳಿ ಬಿಡು,” ಎಂದು ಇವಳು.

ಎರಡು ವರ್ಷ ನಾನು ‘ಕೆಂಪಗಾಗುವವರೆಗೆ’ ಎಂದು ಓದಿದ್ದೆ. ನಲವತ್ತು ಮನೆಗಳಲ್ಲಿ ಅದನ್ನು ಕೇಳಿದ್ದರು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಕೊನೆಗೂ ಯಾರೋ ಜಗಳಕ್ಕೆ ಬಂದಿದ್ದರು.

ಒಂದೇ ಒಂದು ಕ್ಯಾಸೆಟ್ಟು ವಿಚಿತ್ರವಾಗಿತ್ತು. ವಿದ್ಯಾನಗರದಿಂದ ಬಂದದ್ದು. ನುಣುಪು ಮಗ್ಗಲು ಖಾಲಿ ಎಂದು ಪಕ್ಕಕ್ಕೆ ಇಟ್ಟಿದ್ದೆ. ಅಳಿಸಲೆಂದು ಚಾಚಾನ ಕೈಗೆ ಕೊಟ್ಟಾಗ ಅವನು ರೂಢಿಯಂತೆ ಒಮ್ಮೆ ಹೆಡ್‌ಫೋನು ಹಾಕಿ ಕೇಳಿದ. ಬಹಳ ಹೊತ್ತು ಕೇಳಿದ.

“ಇದು ಖಾಲಿ ಅಲ್ಲ ಬೇಟಿ. ಖಾಲಿ ಟೇಪು ಬರೇ ಸುಸ್ ಅಂತೈತಿ. ಇದರಾಗ ಪಂಖಾ ತಿರಗಾಕತ್ತೈತಿ ಕೇಳು.”

ನಾನೂ ಹಾಕಿಕೊಂಡೆ. ಹೌದು, ಫ್ಯಾನಿನ ಸದ್ದು. ದೂರದಲ್ಲಿ ಕುಕ್ಕರಿನ ಸೀಟಿ. ಹತ್ತಿರದಲ್ಲಿ ಯಾರದೋ ಉಸಿರು. ಇಪ್ಪತ್ತು ನಿಮಿಷದ ಹತ್ತಿರ ಬಂದಾಗ ಚಾಚಾ ಕೈ ಎತ್ತಿದ. “ಈಗ ಕೇಳು.” ಯಾರೋ ಗಂಟಲು ಸರಿಮಾಡಿಕೊಂಡರು. ಮತ್ತೆ ಫ್ಯಾನು. ಕೊನೆಯವರೆಗೂ ಫ್ಯಾನು.

“ಮಾತಾಡಬೇಕಂತ ಬಾಗಲತನಕಾ ಬಂದಾರ,” ಎಂದ ಚಾಚಾ. “ಹೊಳ್ಳಿ ಹೋಗ್ಯಾರ.”

ಕಚೇರಿಗೆ ಬಂದು ಆ ಮನೆಯ ಅರ್ಜಿ ತೆಗೆದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು, ವಯಸ್ಸು ಐವತ್ತರ ಒಳಗೆ, ಎರಡು ವರ್ಷದ ಹಿಂದೆ ದೃಷ್ಟಿ ಹೋಗಿದೆ. ಅರ್ಜಿ ತುಂಬಿದವರು ಹೆಂಡತಿ. ‘ಪತ್ರಿಕೆ ಏಕೆ ಬೇಕು’ ಎಂಬಲ್ಲಿ ದುಂಡಗೆ ಬರೆದಿದ್ದರು: ‘ಯಾರ ಜೊತೆಯೂ ಮಾತಾಡುವುದಿಲ್ಲ. ಕೋಣೆಯಿಂದ ಹೊರಗೆ ಬರುವುದಿಲ್ಲ. ಟೇಪು ಹಚ್ಚಿದರೆ ಕೇಳುತ್ತಾರೆ.’

ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಮನೆಗೆ ಹೋಗಿ ಬಾಗಿಲು ತಟ್ಟಲೆ? ಅವರು ನನ್ನನ್ನು ಕರೆದಿಲ್ಲ. ಸುಮ್ಮನಿರಲೆ? ಅರ್ಧ ಗಂಟೆ ಗುಂಡಿ ಒತ್ತಿ ಕೂತವರು ಯಾರಾದರೂ ಕೇಳಲೆಂದೇ ಕೂತಿರಬೇಕು. ಮುಂದಿನ ಸಂಚಿಕೆಯ ಕೊನೆಗೆ, ಊರು ಹೆಸರು ಯಾವುದನ್ನೂ ಹೇಳದೆ, ನನ್ನ ಓದುವ ಧ್ವನಿ ಬಿಟ್ಟು ಮನೆಯ ಮಾತಿನಲ್ಲಿ ಹೇಳಿದೆ: “ನಮ್ಮ ಒಬ್ಬ ಗೆಳೆಯರು ಅರ್ಧ ತಾಸು ಏನೂ ಮಾತಾಡದ ಕ್ಯಾಸೆಟ್ ಕಳಿಸ್ಯಾರ. ಅವರಿಗೆ ಕಣ್ಣು ಹೋಗಿ ಭಾಳ ದಿವಸ ಆಗಿಲ್ಲ. ನಾ ಪೂರ್ತಿ ಕೇಳೇನಿ. ಅವರಿಗೆ ನಿಮ್ಮೊಳಗ ಯಾರಾದ್ರೂ ಏನರೆ ಹೇಳೂದಿದ್ರ ಹೇಳ್ರಿ.”

ಆ ತಿಂಗಳು ಇಪ್ಪತ್ತಾರು ಚೀಲಗಳು ಮಾತು ತುಂಬಿಕೊಂಡು ಬಂದವು. ಒಂದರಲ್ಲೂ ಉಪದೇಶ ಇರಲಿಲ್ಲ. ‘ಧೈರ್ಯ ತಗೊಳ್ಳಿ’ ಎಂದು ಒಬ್ಬರೂ ಹೇಳಿರಲಿಲ್ಲ. ಎಲ್ಲರೂ ಕೆಲಸದ ಮಾತು ಹೇಳಿದ್ದರು. ಆಪರೇಟರ್ ಸಾಹೇಬರು ಚಹಾ ಸುರಿಯುವ ಬಗೆ ವಿವರಿಸಿದ್ದರು: “ಕಪ್ಪಿನ ಅಂಚಿಗೆ ಒಂದು ಬೆರಳು ಇಟ್ಟಿರ್ರಿ. ಬೆರಳು ಸುಟ್ಟಿತು ಅಂದ್ರ ಕಪ್ಪು ತುಂಬೇದ ಅಂತ ಅರ್ಥ. ಬ್ಯಾರೆ ಸುಧಾರಿಸಿದ ಪದ್ಧತಿ ಇದ್ರ ನನಗೂ ತಿಳಸ್ರಿ.” ಕುರ್ಚಿಯ ಬೆತ್ತ ಹೆಣೆಯುವವರೊಬ್ಬರು ನೋಟುಗಳನ್ನು ಬೇರೆ ಬೇರೆ ಮಡಿಕೆ ಮಾಡಿಟ್ಟುಕೊಳ್ಳುವುದನ್ನು ಹೇಳಿದ್ದರು. ಅಮ್ಮಿನಬಾವಿಯವಳು ಮತ್ತೆ ಪಕ್ಕದ ಮನೆಯಿಂದ ಮಾತಾಡಿದ್ದಳು.

“ಸುಮ್ಮ ಕುಂತ್ರ ಯಾರಿಗೆ ತಿಳೀಬೇಕ್ರಿ ಅಣ್ಣಾರ? ನಾ ದಿನಾ ನಳದಾಗ ಹತ್ತು ಕೊಡ ನೀರು ತುಂಬತೇನಿ. ಒಂದು ಹನಿ ಹೊರಗ ಚೆಲ್ಲಂಗಿಲ್ಲ. ಹೆಂಗ ಅಂತೀರಿ? ಖಾಲಿ ಕೊಡದಾಗ ನೀರಿನ ದನಿ ದಪ್ಪ ಇರ್ತೈತಿ. ತುಂಬಿಕೋತ ಬಂದಂಗ ಸಣ್ಣ ಆಗ್ಕೋತ ಬರ್ತೈತಿ. ಕಂಠಕ್ಕ ಬಂದಾಗ ಪಿಳ್ಳಂಗೋವಿ ಹಂಗ ಆಗ್ತೈತಿ. ಆವಾಗ ನಳ ಬಂದ್ ಮಾಡೂದು. ಅಷ್ಟರಿ. ನೀವೂ ಕೇಳಿ ನೋಡ್ರಿ.”

ಇವನ್ನೆಲ್ಲ ಏನು ಮಾಡಬೇಕೆಂದು ನನಗೆ ಮೊದಲೇ ಗೊತ್ತಿತ್ತು ಎಂದುಕೊಂಡಿದ್ದೆ. ಒಳ್ಳೊಳ್ಳೆಯ ತುಣುಕು ಆರಿಸಿ ಐದು ನಿಮಿಷದ ‘ಕೇಳುಗರ ವಿಭಾಗ’ ಮಾಡುವುದು. ಕೆಮ್ಮು ತೆಗೆಯುವುದು, ಪಕ್ಕದ ಮನೆಯಾಕೆಯ ಮಾತು ತೆಗೆಯುವುದು. ಟ್ರಸ್ಟಿಗಳಿಗೂ ಅದನ್ನೇ ಕೇಳಿಸುವುದು. ಚಾಚಾನ ಅಂಗಡಿಯಲ್ಲಿ ಎರಡು ಡೆಕ್ಕಿನ ಮುಂದೆ ಕೂತು ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಹಿಡಿಯತೊಡಗಿದೆ. ಎಲ್ಲಿ ನಿಲ್ಲಿಸಬೇಕು? ಬೆರಳು ಗುಂಡಿಯ ಮೇಲೆಯೇ ಇತ್ತು, ಒತ್ತಲಾಗಲಿಲ್ಲ. ನೀರು ತುಂಬುವ ಮಾತಿನ ನಡುವೆ ಪಕ್ಕದ ಮನೆಯಾಕೆ, “ಖರೇನ ನೋಡ್ರಿ, ನಾನಽ ಚೆಲ್ಲತೇನಿ, ಈಕಿ ಚೆಲ್ಲಂಗಿಲ್ಲ,” ಎಂದಿದ್ದಳು. ಅದನ್ನು ಹೇಗೆ ತೆಗೆಯುವುದು?

“ಎಷ್ಟು ಕತ್ತರಿಸ್ತಿ?” ಎಂದ ಚಾಚಾ.

“ಏನೂ ಕತ್ತರಿಸೂದಿಲ್ಲ ಚಾಚಾ. ಇವು ಪತ್ರಿಕೆಗೆ ಬಂದ ಮಾತಲ್ಲ. ಅವರಿಗೆ ಬಂದ ಮಾತು.”

ತೊಂಬತ್ತು ನಿಮಿಷದ ಕ್ಯಾಸೆಟ್ಟುಗಳ ಮೇಲೆ ಇಪ್ಪತ್ತಾರೂ ಜನರನ್ನು ಕೆಮ್ಮಿನ ಸಮೇತ ಇಳಿಸಿದೆವು. ಐದು ಕ್ಯಾಸೆಟ್ಟು ಆಯಿತು. ಜೊತೆಗೆ ಒಂದು ಖಾಲಿ ಕ್ಯಾಸೆಟ್ಟು, ಎರಡೂ ಮಗ್ಗಲು ನುಣುಪು. ಕಾರ್ಯದರ್ಶಿಗಳನ್ನು ಕೇಳಲಿಲ್ಲ. ವಿದ್ಯಾನಗರದ ವಿಳಾಸಕ್ಕೆ ಹಾಕಿಬಿಟ್ಟೆ.

ಒಂದು ವಾರ ಏನೂ ಇಲ್ಲ. ಎರಡು ವಾರ ಏನೂ ಇಲ್ಲ. ತಪ್ಪು ಮಾಡಿದೆನೇನೋ ಎಂದು ಅನ್ನಿಸತೊಡಗಿತು. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ ಮನುಷ್ಯನ ಮೇಲೆ ಇಪ್ಪತ್ತಾರು ಜನರನ್ನು ಒಮ್ಮೆಲೇ ಬಿಟ್ಟಂತಾಗಿತ್ತು. ಸಭೆಗೆ ಹತ್ತು ದಿನ ಉಳಿದಿದ್ದವು. ಒಂದು ಬೆಳಿಗ್ಗೆ ಫೋನು ಬಂತು. ಹೆಣ್ಣು ಧ್ವನಿ, ಗಾಬರಿಯೂ ನಗುವೂ ಕೂಡಿದ್ದು.

“ಧ್ವನಿಪತ್ರಿಕಾದವರ ಏನ್ರಿ? ನಾ ವಿದ್ಯಾನಗರದಿಂದ ಮಾತಾಡ್ತೇನಿ. ನೀವು ನಮ್ಮ ಮನಿಯವರಿಗೆ ಏನ ಕಳಸೀರಿ? ಮುಂಜಾನಿಯಿಂದ ಟೇಪಿಗೆ ಸೆಲ್ಲು ಹಾಕಿಸಿಕೊಂಡು ಬಚ್ಚಲಮನ್ಯಾಗ ಕೂತಾರ. ನಳ ಬಿಡ್ತಾರ, ಬಂದ್ ಮಾಡ್ತಾರ. ಬಕೀಟು ಕೊಡು ಅಂತಾರ, ತಂಬಿಗಿ ಕೊಡು ಅಂತಾರ. ಮನ್ಯಾಗಿನ ಭಾಂಡಿ ಎಲ್ಲಾ ಬಚ್ಚಲದಾಗ ಅವ. ಎರಡು ವರ್ಷದಾಗ ಇವತ್ತ ಮೊದಲನೇ ಸಲ ನನ್ನ ಮ್ಯಾಲೆ ಜೋರು ಮಾಡಿದ್ರು, ಸಣ್ಣ ಬಾಯಿದ್ದು ಚರಿಗಿ ಸಿಗವಲ್ದು ಅಂತ.”

ಆಕೆ ನಗುತ್ತಲೇ ಇದ್ದರು. ಅಳುತ್ತಿದ್ದಾರೆಂದು ಆಮೇಲೆ ತಿಳಿಯಿತು.

ಮೂರನೆಯ ದಿನ ಚೀಲ ಬಂತು. ಚಾಚಾನ ಅಂಗಡಿಯಲ್ಲೇ ಹಾಕಿ ಕೇಳಿದೆವು. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಚಾಚಾ ನನ್ನ ಕಡೆ ನೋಡಿದ. ಈ ಸಲ ಅದರ ಹಿಂದೆ ಮಾತು ಬಂತು.

“ಸುಮ್ಮನ ಕೂತಿದ್ದಾಂವ ನಾನು. ಎಲ್ಲಾರಿಗೂ ನಮಸ್ಕಾರ. ಅಮ್ಮಿನಬಾವಿ ತಂಗಿಗೆ ಒಂದು ಮಾತು ಹೇಳಬೇಕು. ನೀ ಹೇಳಿದ್ದನ್ನ ನಾ ಇಪ್ಪತ್ತೆರಡು ವರ್ಷ ಕಾಲೇಜಿನ್ಯಾಗ ಪಾಠ ಮಾಡೇನಿ. ನಳಿಗಿಯೊಳಗಿನ ಗಾಳಿ ಕಡಿಮಿ ಆದಂಗ ಸ್ವರ ಏರ್ತದ ಅಂತ ಬೋರ್ಡಿನ ಮ್ಯಾಲೆ ಚಿತ್ರಾ ತಗದು, ಸೂತ್ರಾ ಬರದು, ಪರೀಕ್ಷೆಗೆ ಪ್ರಶ್ನೆ ಕೊಟ್ಟೇನಿ. ಆದರ ಖರೇ ಹೇಳ್ತೇನಿ ತಂಗಿ, ಒಂದ ದಿವಸಾನೂ ನಮ್ಮ ಮನೀ ನಳದ ಮುಂದ ನಿಂತು ಕೇಳಿರಲಿಲ್ಲ. ಮೊನ್ನೆ ಕೇಳಿದೆ.”

ಆಮೇಲೆ ಪರೀಕ್ಷೆ ಶುರುವಾಯಿತು. “ಇದು ಬಕೀಟು,” ಎಂದರು, ನೀರಿನ ಸದ್ದು. “ಇದು ತಂಬಿಗಿ.” ಸದ್ದು ಏರುತ್ತ ಹೋಗಿ ಫಕ್ಕನೆ ನಿಂತಿತು. “ಇದು ಇನ್ನೊಂದು ತಂಬಿಗಿ,” ಎಂದರು, ಮತ್ತೆ ನೀರಿನ ಸದ್ದು. “ಈಗ ತಂಗಿ ಹೇಳಬೇಕು, ಇನ್ನೂ ಎಷ್ಟು ಖಾಲಿ ಅದ? ನಾ ಬೆರಳು ಹಾಕಿ ಅಳತೆ ಮಾಡಿ ಇಟ್ಟುಕೊಂಡೇನಿ.”

ಆ ಕ್ಯಾಸೆಟ್ಟನ್ನು ಆವತ್ತೇ ಅಮ್ಮಿನಬಾವಿಗೆ ಕಳಿಸಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. “ಬಕೀಟು ಅರ್ಧಕ್ಕ ಬಿಟ್ಟೀರಿ ಸರ. ತಂಬಿಗಿ ನಾಕು ಬಟ್ಟು ಖಾಲಿ ಐತಿ. ಮೂರನೇದು ತಂಬಿಗಿ ಅಲ್ಲರಿ, ತಂಬಿಗಿ ಅಂತ ಸುಳ್ಳ ಹೇಳೀರಿ. ಅದು ಹಾಲಿನ ಕೆಟ್ಲಿ.” ವಿದ್ಯಾನಗರದಿಂದ ಬಂದ ಮರುತ್ತರದಲ್ಲಿ ಮೊದಲಿಗೆ ಒಂದು ನಿಮಿಷ ಬರೀ ನಗು. ಮೂರೂ ಸರಿಯಿದ್ದವಂತೆ.

ಸಭೆಯ ದಿನ ನಾನು ವರದಿ ಬರೆದುಕೊಂಡು ಹೋಗಲಿಲ್ಲ. ಟೇಪು ಒಯ್ದೆ. ಮೊದಲು ಫ್ಯಾನಿನ ಸದ್ದು ಎರಡು ನಿಮಿಷ ಕೇಳಿಸಿದೆ. ಟ್ರಸ್ಟಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅಮ್ಮಿನಬಾವಿಯ ಕೊಡ, ಆಮೇಲೆ ವಿದ್ಯಾನಗರದ ತಂಬಿಗೆ. ಕೇಳಿಸುವ ಮೊದಲು ಇಬ್ಬರ ಒಪ್ಪಿಗೆಯನ್ನೂ ತೆಗೆದುಕೊಂಡಿದ್ದೆ. ತಂಬಿಗೆ ತುಂಬುತ್ತಿರುವಾಗ ಕಾರ್ಯದರ್ಶಿಗಳು ತಲೆ ಬಾಗಿಸಿ ಕಣ್ಣು ಮುಚ್ಚಿಕೊಂಡಿದ್ದರು. “ಎರಡು ಬಟ್ಟು ಖಾಲಿ,” ಎಂದರು ಮೆಲ್ಲಗೆ. “ನಾಕು,” ಎಂದೆ.

ಪತ್ರಿಕೆ ಉಳಿಯಿತು. ಆದರೆ ನಾನು ಇನ್ನೊಂದು ಕೇಳಿದೆ: ಒಪ್ಪಿದವರೊಳಗೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕೊಡಬೇಕು. ಕ್ಯಾಸೆಟ್ಟುಗಳು ನನ್ನ ಮೂಲಕ ಹೋಗಬೇಕಾಗಿಲ್ಲ. ಕಾರ್ಯದರ್ಶಿಗಳ ಹುಬ್ಬು ಗಂಟಿಕ್ಕಿತು.

“ಅಂದ್ರ ಅವರವರೊಳಗ ಏನ ಮಾತಾಡ್ತಾರ ಅನ್ನೂದು ನಮಗ ಗೊತ್ತಾಗೂದಽ ಇಲ್ಲ?”

“ಗೊತ್ತಾಗೂದಿಲ್ಲ ಸರ್.”

“ಮತ್ತ ವರದಿ ಹೆಂಗ?”

“ನೀವು ನಿಮ್ಮ ಗೆಳೆಯರ ಜೋಡಿ ಮಾತಾಡಿದ್ದು ಯಾರಿಗೆ ವರದಿ ಮಾಡ್ತೀರಿ ಸರ್?”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಸಿಟ್ಟಾಗಲಿಲ್ಲ. ಕಾಗದ ಎಳೆದುಕೊಂಡು ಪೆನ್ನು ತೆಗೆದು, “ಒಪ್ಪಿಗಿ ಬರವಣಿಗ್ಯಾಗ... ಅಲ್ಲ, ದನಿಯಾಗ ತಗೋರಿ,” ಎಂದರು.

ಮುಂದಿನ ತಿಂಗಳುಗಳಲ್ಲಿ ಚೀಲಗಳು ಯಾವ ಯಾವ ಊರಿನಿಂದ ಯಾವ ಊರಿಗೆ ಹೋದವೋ ನನಗೆ ತಿಳಿಯದು. ದೀಪಾವಳಿ ಕಳೆದ ಮೇಲೆ ಕೇಳುಗರೇ ಒಂದು ಬೇಡಿಕೆ ಇಟ್ಟರು: ಒಮ್ಮೆ ಎಲ್ಲರೂ ಕೂಡಬೇಕು. ಕೈ ಹಿಡಿದು ಕರೆತರುವವರ ವ್ಯವಸ್ಥೆಯನ್ನೂ ಅವರೇ ಮಾಡಿಕೊಂಡಿದ್ದರು. ಧಾರವಾಡದ ಒಂದು ಶಾಲೆಯ ಸಭಾಂಗಣವನ್ನು ಒಂದು ಭಾನುವಾರಕ್ಕೆ ಕೇಳಿ ತೆಗೆದುಕೊಂಡೆವು.

ನಾನು ಕಾರ್ಯಕ್ರಮದ ಪಟ್ಟಿ ಮಾಡಿದ್ದೆ. ಸ್ವಾಗತ, ಪರಿಚಯ, ಒಬ್ಬೊಬ್ಬರಿಗೆ ಮೂರು ನಿಮಿಷ. ಚಾಚಾ ತನ್ನ ಒಳ್ಳೆಯ ಮೈಕು ತಂದು ನಡುವೆ ನಿಲ್ಲಿಸಿದ. ಅದೇ ಆ ತಿಂಗಳ ಸಂಚಿಕೆ ಆಗಬೇಕಿತ್ತು. ಸ್ವಾಗತಕ್ಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನಿಂದ ಒಂದು ಹೆಣ್ಣು ಧ್ವನಿ, “ಚಪ್ಪಲ್ ಎಲ್ಲಿ ಬಿಡಬೇಕ್ರಿ?” ಎಂದಿತು.

“ಅಮ್ಮಿನಬಾವಿ!” ಎಂದು ನಾಲ್ಕು ಕಡೆಯಿಂದ ಕೂಗು.

ಮುಗಿಯಿತು ನನ್ನ ಪಟ್ಟಿ. ಎಲ್ಲರೂ ಒಮ್ಮೆಲೇ ಎದ್ದರು. ಒಂದೊಂದು ಮಾತು ಕೇಳಿದೊಡನೆ, “ಇದು ಕುರ್ಚಿ ಹೆಣಿಯೋರು,” “ಇವರು ನವಲಗುಂದದವರು,” ಎಂದು ಹಿಡಿದು ನಿಲ್ಲಿಸುತ್ತಿದ್ದರು. ಬೆನ್ನು ನೇರ ಮಾಡಿ ಗೋಡೆಯ ಹತ್ತಿರ ನಿಂತಿದ್ದ ವಿದ್ಯಾನಗರದ ಸರ್ ಯಾರಿಗೂ ಸಿಕ್ಕಿರಲಿಲ್ಲ. ಬಾಯಿ ಬಿಟ್ಟರೆ ಗುರುತು ಸಿಗುತ್ತದೆಂದು ಮಜಾ ತೆಗೆದುಕೊಳ್ಳುತ್ತ ಸುಮ್ಮನೆ ನಿಂತಿದ್ದರು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿ ನಗು ತಡೆದುಕೊಂಡಿದ್ದರು. ಕೊನೆಗೆ ಸರ್‌ಗೇ ತಡೆಯಲಾಗಲಿಲ್ಲ. “ತಂಗೀ, ನಾ ಇಲ್ಲಿದ್ದೇನಿ,” ಎಂದರು. ಅಮ್ಮಿನಬಾವಿಯವಳು ನೆಟ್ಟಗೆ ನಡೆದುಬಂದು ಅವರ ಎದುರಿಗೆ ನಿಂತು, “ನೀವು ಟೇಪಿನಾಗ ಇನ್ನೂ ಎತ್ತರ ಇದ್ರಿ ಸರ,” ಎಂದಳು.

ನಾನು ಚಾಚಾನ ಕಡೆ ನೋಡಿದೆ. ಟೇಪು ತಿರುಗುತ್ತಿತ್ತು. ಆತ ಅದನ್ನು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸೆಂದು ಹೇಳಲಿಲ್ಲ. ಮಗ್ಗಲು ಮುಗಿದಾಗ ತಿರುವಿ ಹಾಕಿದ. ಆಮೇಲೆ ಇಬ್ಬರೂ ಹೋಗಿ ಉಪ್ಪಿಟ್ಟಿನ ಸರದಿಯಲ್ಲಿ ನಿಂತೆವು.

ಆ ಕ್ಯಾಸೆಟ್ಟನ್ನು ಮರುದಿನ ಕೇಳಿದರೆ ಒಂದು ವಾಕ್ಯವೂ ಬಿಡಿಯಾಗಿ ಸಿಗದು. ಮಾತಿನ ಮೇಲೆ ಮಾತು, ನಗು, ಪ್ಲೇಟು ಬಿದ್ದ ಸದ್ದು. ಹಾಗೆಯೇ ನಲವತ್ತು ಪ್ರತಿ ಮಾಡಿಸಿ, ಮೊದಲ ಬಾರಿಗೆ ಎರಡೂ ಮಗ್ಗಲಲ್ಲಿ ನನ್ನ ಓದು ಒಂದಕ್ಷರವೂ ಇಲ್ಲದ ಸಂಚಿಕೆಯನ್ನು ಅಂಚೆಗೆ ಹಾಕಿದೆ.

ಆ ಭಾನುವಾರ ಪಾಳಿ ಇದ್ದುದರಿಂದ ಆಪರೇಟರ್ ಸಾಹೇಬರು ಬಂದಿರಲಿಲ್ಲ. ಕ್ಯಾಸೆಟ್ಟು ಮುಟ್ಟಿದ ದಿನ ಕಾರ್ಖಾನೆಯಿಂದ ಫೋನ್ ಮಾಡಿದರು.

“ಮೇಡಂ, ಈ ಸಲದ್ದು ಏನೂ ತಿಳಿಯೂದಿಲ್ಲ. ಎಲ್ಲಾರೂ ಒಮ್ಮೆಲೇ ಮಾತಾಡ್ಲಿಕ್ಕೆ ಹತ್ತಾರ.”

“ಹೌದ್ರಿ,” ಎಂದೆ. “ಕತ್ತರಿಸಲಿಕ್ಕೆ ಆಗಲಿಲ್ಲ.”

“ಕತ್ತರಿಸಬ್ಯಾಡ್ರಿ,” ಎಂದರು. “ನಾ ಮೂರು ಸಲ ಕೇಳೇನಿ.”